ತಾರ್ಸದಲ್ಲಿ ಕಳೆದ ವರ್ಷಗಳು

ಜನವರಿ 25ರಂದು ಕ್ರೈಸ್ತ ಸಭೆಗಳು ಪೌಲನ ಮನಪರಿವರ್ತನೆಯನ್ನು ನೆನೆಯುತ್ತವೆ. ಜೂನ್ 29 ಪೇತ್ರ ಮತ್ತು ಪೌಲರ ಹಬ್ಬ. ಇಬ್ಬರೂ ರೋಮಿನಲ್ಲಿ ಪ್ರಾಣ ಕೊಟ್ಟದ್ದರ ಸ್ಮರಣೆ. ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಸಂಡೆ ಸ್ಕೂಲ್ ಮಕ್ಕಳಿಗೆಲ್ಲ ದಮಸ್ಕದ ದಾರಿಯ ಕಥೆ ಗೊತ್ತು. ಯೇಸುವಿನ ಶಿಷ್ಯರನ್ನು ಹಿಡಿದು ತರಲು ಹೊರಟ ಸೌಲ (ಪೌಲನ ಇನ್ನೊಂದು ಹೆಸರು), ನಡುಹಗಲಿನಲ್ಲಿ ಆಕಾಶದಿಂದ ಬೆಳಕು, ನೆಲಕ್ಕೆ ಬಿದ್ದವನಿಗೆ ಕೇಳಿಸಿದ ದನಿ, ಮೂರು ದಿನ ಕಾಣದ ಕಣ್ಣು. ಅದರ ಮುಂದಿನ ಪಾಠಕ್ಕೆ ಬಂದರೆ ಅವನು ಆಗಲೇ ಬಾರ್ನಬನೆಂಬ ಸಂಗಡಿಗನ ಜೊತೆ ಸೈಪ್ರಸ್‌ಗೆ ಹಡಗು ಹತ್ತಿರುತ್ತಾನೆ. ಈ ಎರಡು ಪಾಠಗಳ ನಡುವೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ದೊಡ್ಡವರಿಗೂ ಅದನ್ನು ಹೇಳುವ ಪ್ರಸಂಗಗಳು ವಿರಳ.

ವಿದ್ವಾಂಸರ ಲೆಕ್ಕ ಒಂದೆರಡು ವರ್ಷ ಅತ್ತಿತ್ತ ಆಗಬಹುದು. ಆದರೂ ಮನಪರಿವರ್ತನೆ ಕ್ರಿ.ಶ. 33ರಿಂದ 36ರ ನಡುವೆ, ಮೊದಲ ಪ್ರೇಷಿತ ಪ್ರಯಾಣ 46ರಿಂದ 48ರ ಆಸುಪಾಸು ಎಂಬಲ್ಲಿ ಬಹುತೇಕರು ಒಂದಾಗುತ್ತಾರೆ. ಪೌಲನ ಪತ್ರಗಳೆಲ್ಲ ಇದರ ನಂತರದವು. ಹಾಗಾದರೆ ಅವನ ಬದುಕಿನ ಅತಿ ಗಟ್ಟಿಯಾದ ವಯಸ್ಸು, ಮೂವತ್ತು-ನಲವತ್ತರ ನಡುವಿನ ಕಾಲ ಎನ್ನೋಣ, ಎಲ್ಲಿ ಹೋಯಿತು?

ಈ ಪ್ರಶ್ನೆ ಕೇಳಲು ಬೆಂಗಳೂರಿನ ಪೂರ್ವಭಾಗಕ್ಕಿಂತ ತಕ್ಕ ಜಾಗ ನಮ್ಮ ದೇಶದಲ್ಲಿ ಹೆಚ್ಚಿಲ್ಲ. 1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಸುತ್ತ ದಂಡು ಹೂಡಿತು. ದಂಡಿನ ಹಿಂದೆ ತಮಿಳು ಮಾತಾಡುವ ಕೆಲಸಗಾರರು, ವ್ಯಾಪಾರಿಗಳು ಬಂದರು. ಅವರ ಹಿಂದೆ ಪಾದ್ರಿಗಳು. ತಂಪು ಹವೆ, ರೈಲು, ಇಂಗ್ಲಿಷ್ ಶಾಲೆಗಳು, ಎಲ್ಲ ಭಾಷೆಯವರೂ ಸಲ್ಲುವ ಊರು: ಇವೆಲ್ಲ ಕೂಡಿ ದಂಡುಪ್ರದೇಶ ಇಡೀ ದೇಶದ ಕ್ರೈಸ್ತ ತರಬೇತಿಯ ಕೇಂದ್ರವಾಯಿತು. ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಾಲಜಿಕಲ್ ಕಾಲೇಜು, ಹಚಿನ್ಸ್ ರಸ್ತೆಯಲ್ಲಿ 1967ರಲ್ಲಿ ಡಿ.ಎಸ್. ಅಮಲೋರ್‌ಪವದಾಸ್ ಕಟ್ಟಿದ ಕ್ಯಾಥೋಲಿಕರ ರಾಷ್ಟ್ರೀಯ ಬೈಬಲ್ ಕೇಂದ್ರ, ಕೆ.ಆರ್. ಪುರದಲ್ಲಿ ಸಲೇಶಿಯನ್ನರ ಕ್ರಿಸ್ತು ಜ್ಯೋತಿ ಕಾಲೇಜು, ಕೊತ್ತನೂರಿನ ಬೈಬಲ್ ಕಾಲೇಜುಗಳು. ಇವುಗಳ ನಡುವಿನ ಬೀದಿಗಳಲ್ಲಿ ಸನ್ಯಾಸಿನಿಯರ, ಬ್ರದರ್‌ಗಳ ನೊವಿಶಿಯೇಟ್ ಮನೆಗಳು, ಅಂದರೆ ವ್ರತಕ್ಕೆ ಮುಂಚಿನ ತರಬೇತಿಯ ಮನೆಗಳು. ಜಾರ್ಖಂಡ್, ಮಿಜೋರಾಂ, ಕೇರಳ, ಮಂಗಳೂರುಗಳಿಂದ ಬಂದ ಯುವಕ ಯುವತಿಯರು ಇಲ್ಲಿ ಕಳೆಯುವುದು ಕರೆ ಬಂದದ್ದಕ್ಕೂ ಕೆಲಸ ಶುರುವಾಗುವುದಕ್ಕೂ ನಡುವಿನ ವರ್ಷಗಳನ್ನೇ. ಪೌಲನ ಬದುಕಿನ ಯಾವ ಭಾಗ ನಮಗೆ ಕಾಣುವುದಿಲ್ಲವೋ ಆ ಭಾಗದಲ್ಲೇ ಇವರೆಲ್ಲ ಇದ್ದಾರೆ.

ಈ ಕಾಣದ ವರ್ಷಗಳ ಬಗ್ಗೆ ಪೌಲನೇ ಕೊಟ್ಟ ವಿವರ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲಿದೆ. ಕನ್ನಡ ಬೈಬಲಿನಲ್ಲಿ ಅರ್ಧ ಪುಟ ಕೂಡ ತುಂಬುವುದಿಲ್ಲ. ಯಾರನ್ನೂ ಕೇಳಲಿಲ್ಲ, ಯೆರೂಸಲೇಮಿಗೆ ಹೋಗಲಿಲ್ಲ, ಅರಬಸ್ಥಾನಕ್ಕೆ ಹೋಗಿ ದಮಸ್ಕಕ್ಕೆ ಮರಳಿದೆ. ಮೂರು ವರ್ಷದ ಮೇಲೆ ಯೆರೂಸಲೇಮಿನಲ್ಲಿ ಕೇಫನ (ಪೇತ್ರನ) ಜೊತೆ ಹದಿನೈದು ದಿನ ಇದ್ದೆ, ಯಾಕೋಬನನ್ನು ಬಿಟ್ಟರೆ ಬೇರೆ ಅಪೊಸ್ತಲರನ್ನು ಕಾಣಲಿಲ್ಲ. ಆಮೇಲೆ ಸಿರಿಯ ಮತ್ತು ಕಿಲಿಕ್ಯದ ಸೀಮೆಗೆ ಹೋದೆ. ಯೂದಾಯದ ಸಭೆಗಳಿಗೆ ನನ್ನ ಮುಖಪರಿಚಯವೇ ಇರಲಿಲ್ಲ. ಸಾರಾಂಶ ಇಷ್ಟೇ. ನಡುವೆ ದೇವರ ಮುಂದೆ ಆಣೆ ಇಟ್ಟು, ಸುಳ್ಳು ಹೇಳುತ್ತಿಲ್ಲ ಅನ್ನುತ್ತಾನೆ.

ಆಣೆ ಏಕೆ ಬೇಕಾಯಿತು? ಪೌಲ ಮೂಲ ಅಪೊಸ್ತಲನಲ್ಲ, ಯೆರೂಸಲೇಮಿನವರಿಂದ ಕಲಿತದ್ದನ್ನು ತಿರುಚಿ ಹೇಳುತ್ತಿದ್ದಾನೆ ಎಂದು ಗಲಾತ್ಯದ ಸಭೆಗಳಲ್ಲಿ ಯಾರೋ ಹೇಳಿಕೊಟ್ಟಿದ್ದರು. ಆ ಮಾತಿಗೆ ಉತ್ತರವಾಗಿ ಅವನು ತಾನು ಯಾರನ್ನು ಭೇಟಿಯಾಗಲಿಲ್ಲ ಎಂಬುದನ್ನು ಸಾಕ್ಷಿ ಹೇಳುವವನ ಎಚ್ಚರದಿಂದ ಪಟ್ಟಿ ಮಾಡುತ್ತಾನೆ. ವಾದಕ್ಕೆ ಬೇಕಾದಷ್ಟನ್ನು ಹೇಳಿ ಮುಂದೆ ಹೋಗುತ್ತಾನೆ. ಈ ಅರ್ಧ ಪುಟವನ್ನು ಆತ್ಮಕಥೆ ಎಂದು ಓದಿ, ಹೆಚ್ಚೇನೂ ಹೇಳದಿದ್ದರಿಂದ ಆ ವರ್ಷಗಳಲ್ಲಿ ಏನೂ ನಡೆದಿರಲಿಕ್ಕಿಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ.

ಹಾಗೆ ತೀರ್ಮಾನಿಸಿದ್ದರಿಂದಲೇ ನಮ್ಮ ಧ್ಯಾನಕೂಟಗಳಲ್ಲಿ ಒಂದು ಚಿತ್ರ ನೆಲೆನಿಂತಿದೆ: ಪೌಲ ಮರುಭೂಮಿಗೆ ಹೋದ, ಬಂಡೆಗಳ ನಡುವೆ ಒಬ್ಬನೇ ಕೂತು ಮೂರು ವರ್ಷ ಧ್ಯಾನ ಮಾಡಿದ, ಸಿದ್ಧನಾಗಿ ಬಂದ. ಈ ಚಿತ್ರಕ್ಕೆ ಆಧಾರವೇ ಇಲ್ಲವೆಂದಲ್ಲ. ಅದೇ ಪತ್ರಿಕೆಯಲ್ಲಿ ಪೌಲ ಸೀನಾಯಿ ಬೆಟ್ಟ ಅರಬಸ್ಥಾನದಲ್ಲಿದೆ ಎನ್ನುತ್ತಾನೆ. ಎಲೀಯ ಪ್ರವಾದಿಯಂತೆ ಇವನೂ ಆ ಬೆಟ್ಟಕ್ಕೆ ಹೋಗಿರಬಹುದೆಂದು ಎನ್.ಟಿ. ರೈಟ್‌ರಂಥ ವಿದ್ವಾಂಸರು ವಾದಿಸಿದ್ದಾರೆ. ಆದರೆ ಮೊದಲ ಶತಮಾನದಲ್ಲಿ ದಮಸ್ಕದ ಜನ ಅರಬಸ್ಥಾನ ಎಂದರೆ ಕಣ್ಣಮುಂದೆ ಬರುತ್ತಿದ್ದದ್ದು ಮೊದಲು ನಬತೇಯರ ರಾಜ್ಯ. ಪೆಟ್ರಾ, ಬೊಸ್ರಾದಂಥ ನಗರಗಳು, ಧೂಪ ಮತ್ತು ಸಾಂಬಾರ ಸರಕು ಹೊತ್ತ ಒಂಟೆಸಾಲು, ಬಂಡೆ ಕೊರೆದು ಮಳೆನೀರು ಹಿಡಿದಿಡುವ ಕಾಲುವೆ, ತೊಟ್ಟಿಗಳು. ಜನನಿಬಿಡವಾದ, ಹಣವಿದ್ದ ನಾಡು ಅದು.

ಅದರ ರಾಜ ನಾಲ್ಕನೆಯ ಅರೇತ, ಕ್ರಿ.ಪೂ. 9ರಿಂದ ಕ್ರಿ.ಶ. 40ರವರೆಗೆ ಆಳಿದವನು. ಅವನ ಮಗಳನ್ನು ಮದುವೆಯಾಗಿದ್ದ, ಗಲಿಲಾಯವನ್ನಾಳುತ್ತಿದ್ದ ಹೆರೋದ ಅಂತಿಪ, ಹೆರೋದ್ಯಳಿಗಾಗಿ ಅವಳನ್ನು ಬಿಟ್ಟ. ಸ್ನಾನಿಕ ಯೋಹಾನನ ತಲೆ ಹೋದದ್ದು ಇದೇ ಹೆರೋದ್ಯಳ ಹಗೆಯಿಂದ. ಕ್ರಿ.ಶ. 36ರ ಸುಮಾರಿಗೆ ಅರೇತನ ಸೈನ್ಯ ಅಂತಿಪನ ಸೈನ್ಯವನ್ನು ಸೋಲಿಸಿತು. ಯೆಹೂದ್ಯರಿಗೂ ನಬತೇಯರಿಗೂ ನಡುವೆ ಇಷ್ಟು ಬಿಸಿ ಇದ್ದ ಹೊತ್ತಿನಲ್ಲಿ ಪೌಲ ಅಲ್ಲಿದ್ದ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅವನು ಒಂದು ಘಟನೆ ಹೇಳುತ್ತಾನೆ. ತನ್ನನ್ನು ಹಿಡಿಯಲು ಅರೇತನ ಅಧಿಕಾರಿ ದಮಸ್ಕಕ್ಕೆ ಕಾವಲು ಹಾಕಿಸಿದ್ದ, ತನ್ನನ್ನು ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ಕೂರಿಸಿ ಕೆಳಗಿಳಿಸಿದರು ಎಂದು. ಅರೇತ ಸತ್ತದ್ದು 40ರಲ್ಲಿ, ಆದ್ದರಿಂದ ಬುಟ್ಟಿಯ ರಾತ್ರಿ ಅದಕ್ಕೂ ಮುಂಚಿನದು. ಪೌಲನ ಕಾಲಗಣನೆಗೆ ಹೊರಗಿನಿಂದ ಸಿಗುವ ಕೆಲವೇ ಗೂಟಗಳಲ್ಲಿ ಇದೊಂದು.

ಒಬ್ಬನೇ ಕೂತು ಧ್ಯಾನ ಮಾಡುತ್ತಿದ್ದವನನ್ನು ಹಿಡಿಯಲು ರಾಜನ ಅಧಿಕಾರಿ ಊರ ಬಾಗಿಲಿಗೆ ಕಾವಲು ಹಾಕಿಸುತ್ತಾನೆಯೇ? ಟ್ಯೂಬಿಂಗನ್‌ನ ಮಾರ್ಟಿನ್ ಹೆಂಗೆಲ್, ಅನ್ನಾ ಮರಿಯಾ ಶ್ವೇಮರ್ ಜೊತೆ ಸೇರಿ 1997ರಲ್ಲಿ ಈ ಅಜ್ಞಾತ ವರ್ಷಗಳ ಮೇಲೆಯೇ ಒಂದು ದಪ್ಪ ಪುಸ್ತಕ ಬರೆದರು. ಪೌಲ ಅರಬಸ್ಥಾನದಲ್ಲೇ ಬೋಧಿಸತೊಡಗಿದ್ದ, ಗದ್ದಲವಾಗಿತ್ತು, ಆ ಗದ್ದಲವೇ ದಮಸ್ಕದವರೆಗೆ ಅವನ ಬೆನ್ನು ಹತ್ತಿತು ಎಂಬುದು ಅವರ ವಾದ. ನನಗೆ ಇದೇ ಸರಿ ಎನ್ನಿಸುತ್ತದೆ. 

ಬುಟ್ಟಿಯಿಂದ ಇಳಿದವನು ಯೆರೂಸಲೇಮಿಗೆ ಹೋದ. ಅಲ್ಲಿನ ಶಿಷ್ಯರು ಅವನನ್ನು ನಂಬಲಿಲ್ಲ, ಹೆದರಿದರು ಎಂದು ಅಪೊಸ್ತಲರ ಕೃತ್ಯಗಳಲ್ಲಿ ಲೂಕ ಬರೆಯುತ್ತಾನೆ. ಅವರಲ್ಲೊಬ್ಬನಾದ ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಕೊಂದವರ ಬಟ್ಟೆ ಕಾದವನು ಇವನೇ ಅಲ್ಲವೇ, ಹೆದರದೆ ಇನ್ನೇನು? ಬಾರ್ನಬನೊಬ್ಬ ಮುಂದೆ ಬಂದು ಹೊಣೆ ಹೊತ್ತ. ಹದಿನೈದು ದಿನದಲ್ಲೇ ಮತ್ತೆ ಕೊಲೆಯ ಸಂಚು ನಡೆಯಿತು. ಸಹೋದರರು ಅವನನ್ನು ಕೈಸರೈಯಕ್ಕೆ ಕರೆದೊಯ್ದು ಅಲ್ಲಿಂದ ತಾರ್ಸಕ್ಕೆ, ಹುಟ್ಟಿದೂರಿಗೆ, ಕಳಿಸಿಬಿಟ್ಟರು. ಲೂಕನ ಮುಂದಿನ ವಾಕ್ಯದಲ್ಲಿ ಸಭೆಗಳು ಸಮಾಧಾನದಿಂದ ಬೆಳೆಯುತ್ತವೆ. ಸೌಲ ಹೋದ ಮೇಲೆ ನೆಮ್ಮದಿಯಾಯಿತು ಎಂದು ಓದಿದರೂ ತಪ್ಪಾಗದು. ಆಮೇಲೆ ಎರಡು ಅಧ್ಯಾಯ ಅವನ ಸುದ್ದಿಯೇ ಇಲ್ಲ.

ತಾರ್ಸ ಈಗಿನ ಟರ್ಕಿಯ ದಕ್ಷಿಣ ಕರಾವಳಿಗೆ ಹತ್ತಿರದ ಊರು. ಆಗ ಕಿಲಿಕ್ಯದ ರಾಜಧಾನಿ, ತತ್ವಶಾಸ್ತ್ರದ ಶಾಲೆಗಳಿಗೆ ಹೆಸರಾದ ನಗರ. ಹಿಂದಿನ ಬೆಟ್ಟಗಳ ಮೇಕೆಗಳ ಒರಟು ಕೂದಲಿನಿಂದ ಅಲ್ಲಿ ಬಟ್ಟೆ ನೇಯುತ್ತಿದ್ದರು. ಆ ಬಟ್ಟೆಗೆ ನಾಡಿನ ಹೆಸರೇ ಅಂಟಿತ್ತು. ನಮ್ಮ ಕುರುಬರ ಕರಿಕಂಬಳಿಯ ಹಾಗೆ ದಪ್ಪ, ಚುಚ್ಚುವ ಹುರಿ. ಮಳೆ ಬಿದ್ದರೆ ಎಳೆ ಉಬ್ಬಿ ಸಂದುಗಳು ಮುಚ್ಚಿಕೊಂಡು ನೀರು ಒಳಗಿಳಿಯುವುದಿಲ್ಲ. ಡೇರೆಗೆ ಇದೇ ಬೇಕು. ಪೌಲನ ಕಸುಬು ಡೇರೆ ಹೊಲಿಯುವುದೆಂದು ಲೂಕ ಮುಂದೆ, ಕೊರಿಂಥದ ಕಥೆಯಲ್ಲಿ ಹೇಳುತ್ತಾನೆ. ಅವನು ಹೊಲಿದದ್ದು ಮೇಕೆಗೂದಲ ಬಟ್ಟೆಯೋ ಚರ್ಮವೋ ಎಂಬ ಚರ್ಚೆ ಮುಗಿದಿಲ್ಲ. ಯಾವುದಾದರೂ ದಬ್ಬಳ ಹಿಡಿದು ದಿನವಿಡೀ ಬಗ್ಗಿ ಕೂರುವ ಕೆಲಸವೇ. ಯಾರಿಗೂ ಹೊರೆಯಾಗದಂತೆ ಹಗಲೂ ರಾತ್ರಿ ಕೈಯಿಂದ ದುಡಿದೆ ಎಂದು ಥೆಸಲೋನಿಕದವರಿಗೆ ಅವನು ಬರೆದದ್ದರ ಹಿಂದೆ ಈ ಅಭ್ಯಾಸವಿದೆ. ತಾರ್ಸದಲ್ಲಿ ಅವನಿಗೆ ಸಂಬಳ ಕೊಡುವ ಸಭೆ ಯಾವುದೂ ಇರಲಿಲ್ಲ.

ಈ ವರ್ಷಗಳ ಮೇಲೆ ಹೆಚ್ಚು ಬೆಳಕು ಚೆಲ್ಲುವ ಮಾತು ಇನ್ನೊಂದು ಕಡೆ ಸಿಗುತ್ತದೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ತಾನು ಪಟ್ಟ ಪಾಡುಗಳನ್ನು ಎಣಿಸುವಾಗ, ಯೆಹೂದ್ಯರಿಂದ ಐದು ಸಾರಿ ಒಂದು ಕಡಿಮೆ ನಲವತ್ತು ಏಟು ತಿಂದೆ ಎನ್ನುತ್ತಾನೆ. ಮೂರು ಸಾರಿ ಕೋಲೇಟು, ಮೂರು ಸಾರಿ ಹಡಗು ಒಡೆದದ್ದು. ಐದು ಚಾವಟಿ ಶಿಕ್ಷೆಗಳಲ್ಲಿ ಒಂದನ್ನೂ ಲೂಕ ಹೇಳಿಲ್ಲ. ಹೆಸರಾದ ಪ್ರಯಾಣಗಳ ವಿವರದಲ್ಲಿ ಇವಕ್ಕೆ ಜಾಗ ಸಿಗದೆ ಇರುವುದರಿಂದ ಇವುಗಳಲ್ಲಿ ಕೆಲವಾದರೂ ಸಿರಿಯ-ಕಿಲಿಕ್ಯದ ವರ್ಷಗಳಲ್ಲಿ ಬಿದ್ದಿರಬೇಕೆಂದು ಅನೇಕ ವಿದ್ವಾಂಸರು ಎಣಿಸುತ್ತಾರೆ.

ಆ ಶಿಕ್ಷೆ ಹೇಗಿರುತ್ತಿತ್ತು ಎಂಬುದು ಕ್ರಿ.ಶ. 200ರ ಹೊತ್ತಿಗೆ ಕ್ರೋಡೀಕರಿಸಿದ ಮಿಷ್ನಾದಲ್ಲಿದೆ. ಅಪರಾಧಿಯ ಎರಡೂ ಕೈಗಳನ್ನು ಕಂಬದ ಎರಡು ಬದಿಗೆ ಕಟ್ಟಿ ಎದೆ ಕಾಣುವಂತೆ ಬಟ್ಟೆ ಕಿತ್ತು ಬಗ್ಗಿಸಬೇಕು. ಸಭಾಮಂದಿರದ ಸೇವಕ ಹಿಂದೆ ಕಲ್ಲಿನ ಮೇಲೆ ನಿಂತು ಕರುವಿನ ಚರ್ಮದ ಮಡಚಿದ ಪಟ್ಟಿಯಿಂದ ಹೊಡೆಯಬೇಕು. ಮೂರರಲ್ಲಿ ಒಂದು ಪಾಲು ಮುಂದೆ, ಎರಡು ಪಾಲು ಬೆನ್ನಿಗೆ. ಹೊಡೆಯುವಾಗ ಇನ್ನೊಬ್ಬ ಧರ್ಮಶಾಸ್ತ್ರದ ಸಾಲು ಓದುತ್ತಿರಬೇಕು. ನಿಯಮ ನಲವತ್ತು ಏಟು ಮೀರಬಾರದೆನ್ನುತ್ತದೆ. ಎಣಿಕೆ ತಪ್ಪಿ ನಿಯಮ ಮುರಿಯಬಾರದೆಂದು ಮೂವತ್ತೊಂಬತ್ತಕ್ಕೇ ನಿಲ್ಲಿಸುತ್ತಿದ್ದರು.

ಸಭಾಮಂದಿರಕ್ಕೆ ಸೇರಿದವನಿಗೆ ಮಾತ್ರ ಈ ಶಿಕ್ಷೆ. ನಾನು ನಿಮ್ಮವನಲ್ಲ ಎಂದು ಹೊರಟುಹೋದವನಿಗೆ ಅಲ್ಲ. ಪೌಲ ರೋಮನ್ ಪೌರ ಎಂದು ಲೂಕ ಹೇಳುತ್ತಾನೆ, ಬೇಕೆಂದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಅವನು ಐದು ಸಾರಿಯೂ ತನ್ನ ಜನರ ಶಾಸನಕ್ಕೆ ಬೆನ್ನೊಡ್ಡಿದ. ಗಾಯ ಮಾಗಿದ ಮೇಲೆ ಮತ್ತೆ ಅದೇ ಸಭಾಮಂದಿರಗಳಿಗೆ ಹೋಗಿ ಮತ್ತೆ ಅದೇ ಮಾತು ಹೇಳಿದ. ಇದನ್ನು ಸಿದ್ಧತೆ ಎಂದು ಹೇಗೆ ಕರೆಯುವುದು? ಕೆಲಸ ಆಗಲೇ ಶುರುವಾಗಿತ್ತು. ಕಳಿಸಿದವರು ಯಾರೂ ಇರಲಿಲ್ಲ, ಬರೆದಿಟ್ಟವರು ಯಾರೂ ಇರಲಿಲ್ಲ, ಕೆಲಸ ಫಲಿಸುತ್ತದೆಂಬ ಭರವಸೆಗೂ ಕಾರಣವಿರಲಿಲ್ಲ. ಕೊರಿಂಥದವರಿಗೆ ಬರೆದ ಅದೇ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷಗಳ ಹಿಂದೆ ತಾನು ಮೂರನೆಯ ಆಕಾಶದವರೆಗೆ ಒಯ್ಯಲ್ಪಟ್ಟ ಅನುಭವವನ್ನು ಮುಚ್ಚುಮರೆಯಲ್ಲಿ ಹೇಳುತ್ತಾನೆ. ಪತ್ರದ ಕಾಲದಿಂದ ಹಿಂದಕ್ಕೆ ಎಣಿಸಿದರೆ 42ರ ಆಸುಪಾಸು, ತಾರ್ಸದ ಕಾಲವೇ. ಚಾವಟಿಯೂ ಆ ದರ್ಶನವೂ ಒಂದೇ ವರ್ಷಗಳಲ್ಲಿ ಒಬ್ಬನಿಗೇ ಆದವೆನ್ನಬಹುದು. ಎರಡನ್ನೂ ಅವನು ಬಹುಕಾಲ ಬಾಯಿಬಿಟ್ಟು ಹೇಳಲಿಲ್ಲ.

ಬೆಂಗಳೂರಿನ ತರಬೇತಿ ಮನೆಗಳಲ್ಲಿ ಕರೆಗೂ ಕೆಲಸಕ್ಕೂ ನಡುವಿನ ಈ ನಡುಗಾಲಕ್ಕೆ ನಿಯಮವಿದೆ. ಕ್ಯಾಥೋಲಿಕ್ ಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ನೊವಿಶಿಯೇಟ್ ಹನ್ನೆರಡು ತಿಂಗಳು, ಅದೂ ಅದಕ್ಕೆಂದೇ ಗೊತ್ತಾದ ಮನೆಯಲ್ಲಿ. ಹದಿನೈದು ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಆ ದಿನಗಳನ್ನು ತುಂಬಿಕೊಡಬೇಕು. ಮೂರು ತಿಂಗಳು ಮೀರಿದರೆ ನೊವಿಶಿಯೇಟೇ ಅಸಿಂಧು. ಗುರುಗಳಾಗುವವರಿಗೆ ತತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಸೇರಿ ಪೂರ್ತಿ ಆರು ವರ್ಷದ ಓದು. ಹೊಸದಾಗಿ ದೀಕ್ಷಾಸ್ನಾನ ಪಡೆದವನು ಸಾಕಷ್ಟು ಪರೀಕ್ಷೆಗೆ ಒಳಗಾಗುವವರೆಗೆ ಗುರುದೀಕ್ಷೆ ಪಡೆಯುವಂತಿಲ್ಲ. ಪೌಲನ ಹೆಸರಿನಲ್ಲಿರುವ ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯೂ ಸಭೆಯ ಅಧ್ಯಕ್ಷನಾಗುವವನು ಹೊಸ ವಿಶ್ವಾಸಿ ಆಗಿರಬಾರದು ಎನ್ನುತ್ತದೆ.

ಇಷ್ಟು ಕಟ್ಟುನಿಟ್ಟು ಅನಗತ್ಯವೆಂದು ನಾನು ಹೇಳಲಾರೆ. ಇಪ್ಪತ್ತರ ಹುಡುಗ ಹುಡುಗಿಯರಿಗೆ ಮನಸ್ಸು ಬದಲಾಯಿಸಿ ಊರಿಗೆ ಮರಳುವ ಬಾಗಿಲನ್ನು ತೆರೆದಿಡುವುದೂ ಈ ನಿಯಮಗಳೇ. ಆದರೆ ಇಲ್ಲಿನ ನಡುಗಾಲಕ್ಕೆ ಮುಗಿಯುವ ತಾರೀಖಿದೆ, ಊಟದ ಗಂಟೆಯಿದೆ, ಕೊನೆಯಲ್ಲಿ ಕಾದಿರುವ ಕೆಲಸವಿದೆ. ತಾರ್ಸದಲ್ಲಿ ಅದ್ಯಾವುದೂ ಇರಲಿಲ್ಲ. ಧ್ಯಾನಕೂಟದಲ್ಲಿ ಪೌಲನ ಅರಬಸ್ಥಾನವನ್ನು ತೋರಿಸುವವರು ಅವನ ತಾರ್ಸವನ್ನೂ ತೋರಿಸಬೇಕು. ತರಬೇತಿ ಮುಗಿಸಿ ಯಾವುದೋ ಮೂಲೆಯ ಊರಿಗೆ ಹೋಗಿ, ಹತ್ತು ವರ್ಷ ಯಾರ ವರದಿಯಲ್ಲೂ ಕಾಣಿಸಿಕೊಳ್ಳದೆ ದುಡಿಯುವ ಸಿಸ್ಟರ್‌ಗೂ ಉಪದೇಶಿಗೂ ಬೇಕಾದ ಪೌಲ ಅಲ್ಲಿದ್ದಾನೆ.

ನಮ್ಮ ನಾಡಿನ ಸಭೆಗಳ ಚರಿತ್ರೆಯಲ್ಲೂ ಇಂಥ ನಡುಗಾಲಗಳೂ ದೂರದ ಊರಿನ ದುಡಿಮೆಗಳೂ ಇವೆ. ಲಂಡನ್ ಮಿಷನ್ 1820ರಲ್ಲಿ ಬೆಂಗಳೂರು ದಂಡಿಗೆ ಬಂದಾಗ ಅದರ ಕೆಲಸಕ್ಕೆ ದೊಡ್ಡ ಬಲವಾದವರು ಸ್ಯಾಮ್ಯುಯೆಲ್ ಫ್ಲೇವೆಲ್ ಎಂಬ ತಮಿಳು ಬೋಧಕರು. 1822ರಲ್ಲಿ ಇಲ್ಲಿ ಅವರಿಗೆ ಪಾದ್ರಿ ದೀಕ್ಷೆಯಾಯಿತು. 1827ರಲ್ಲಿ ಬಳ್ಳಾರಿಗೆ ಹೋಗಿ ಇಪ್ಪತ್ತು ವರ್ಷ ಅಲ್ಲಿನ ಸಭೆಯನ್ನು ನಡೆಸಿ 1847ರಲ್ಲಿ ಅಲ್ಲೇ ತೀರಿಕೊಂಡರು.

ಇನ್ನೂ ಹೆಚ್ಚು ತಿಳಿದಿರುವುದು ಮಂಗಳೂರಿನ ಆನಂದರಾವ್ ಕೌಂಡಿನ್ಯರ ಕಥೆ. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, ಬಾಸೆಲ್ ಮಿಷನ್ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಇನ್ನಿಬ್ಬರ ಜೊತೆ, ಕನ್ನಡಕ್ಕಾಗಿ ದುಡಿದ ಪಾದ್ರಿ ಹರ್ಮನ್ ಮೋಗ್ಲಿಂಗ್ ಕೈಯಿಂದ ದೀಕ್ಷಾಸ್ನಾನ ಪಡೆದು ಹರ್ಮನ್ ಎಂಬ ಹೆಸರು ಸೇರಿಸಿಕೊಂಡರು. ಊರಿನಲ್ಲಿ ದೊಡ್ಡ ಗಲಾಟೆಯಾಯಿತು. ಹೆಂಡತಿ ಲಕ್ಷ್ಮಿ ತನ್ನವರ ಜೊತೆಯೇ ಉಳಿದರು. 1846ರಲ್ಲಿ ಮೋಗ್ಲಿಂಗ್ ಕೌಂಡಿನ್ಯರನ್ನು ಬಾಸೆಲ್‌ಗೆ ಕರೆದೊಯ್ದರು. ಅಲ್ಲಿನ ಗುರುಮಠದಲ್ಲಿ ಓದಿ 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಮರಳಿದರು. ದೀಕ್ಷಾಸ್ನಾನದಿಂದ ಪಾದ್ರಿ ದೀಕ್ಷೆಗೆ ಏಳು ವರ್ಷ. ಜಾತಿ ಹೋಗಿತ್ತು, ಮನೆ ಹೋಗಿತ್ತು, ಹೆಂಡತಿ ಬರುವ ಆಸೆಯೂ ದೂರವಾಗುತ್ತಿತ್ತು. ಕೈಗೆ ಹೊಸ ಕೆಲಸವೇನೂ ಬಂದಿರಲಿಲ್ಲ. 1860ರಲ್ಲಿ ಅವರು ಮರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ಲಕ್ಷ್ಮಿಯ ಆ ವರ್ಷಗಳು ಹೇಗೆ ಕಳೆದವೆಂದು ಮಿಷನ್ನಿನ ಚರಿತ್ರೆಗಳು ಕೇಳುವುದೇ ಅಪರೂಪ. ಒಬ್ಬನ ನಡುಗಾಲದ ಬೆಲೆಯನ್ನು ಇನ್ನೊಬ್ಬರೂ ತೆತ್ತಿರುತ್ತಾರೆ ಎಂಬುದನ್ನು ಇಂಥ ಕಥೆ ಹೇಳುವಾಗ ಬಿಡಬಾರದು.

ಕೌಂಡಿನ್ಯರಿಗೆ ಮೋಗ್ಲಿಂಗ್ ಇದ್ದ ಹಾಗೆ ಪೌಲನಿಗೆ ಇದ್ದವನು ಬಾರ್ನಬ. ಹಿಂಸೆಗೆ ಚದುರಿಹೋದ ವಿಶ್ವಾಸಿಗಳಲ್ಲಿ ಕೆಲವರು ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರಿಗೂ ಸುವಾರ್ತೆ ಹೇಳಿದ್ದರು. ಸಭೆ ಬೆಳೆಯಿತು. ಅದನ್ನು ನೋಡಿಬರಲು ಯೆರೂಸಲೇಮಿನವರು ಬಾರ್ನಬನನ್ನು ಕಳಿಸಿದರು. ಅವನು ಬಂದು ನೋಡಿದ, ಸಂತೋಷಪಟ್ಟ. ಆಮೇಲೆ ವರದಿ ಕೊಡಲು ದಕ್ಷಿಣಕ್ಕೆ ಮರಳದೆ ಸೌಲನನ್ನು ಹುಡುಕಿಕೊಂಡು ತಾರ್ಸಕ್ಕೆ ಹೋದ. ಹುಡುಕಿ, ಕಂಡುಹಿಡಿದು, ಕರೆತಂದ ಎಂದು ಲೂಕ ಬರೆಯುವ ರೀತಿ ನೋಡಿದರೆ ವಿಳಾಸ ಕೈಯಲ್ಲಿದ್ದಂತೆ ತೋರುವುದಿಲ್ಲ. ಎಲ್ಲರೂ ಮರೆತಿದ್ದ, ಬಹುಶಃ ಮರೆಯಲು ಬಯಸಿದ್ದ ಒಬ್ಬನನ್ನು ಬಾರ್ನಬ ಮರೆತಿರಲಿಲ್ಲ. ಹೊಸ ಸಭೆಯ ನಾಯಕತ್ವ ತನ್ನ ಕೈಯಲ್ಲೇ ಇದ್ದಾಗ, ತನಗಿಂತ ಗಟ್ಟಿ ಮಾತುಗಾರನನ್ನು ಕರೆತರುವ ದೊಡ್ಡ ಮನಸ್ಸು ಅವನದು. ಪೌಲನನ್ನು ತಾರ್ಸದಿಂದ ಹೊರಗೆ ತಂದದ್ದು ಹೊಸ ದರ್ಶನವಲ್ಲ; ಒಬ್ಬ ಸಹೋದರ ಎದ್ದು ಹುಡುಕಲು ಹೊರಟದ್ದು. ಇಬ್ಬರೂ ಒಂದು ವರ್ಷ ಪೂರ್ತಿ ಅಂತಿಯೋಕ್ಯದಲ್ಲಿ ಕಲಿಸಿದರು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಆ ಊರಿನಲ್ಲಿ.

ಈ ಸ್ನೇಹವೂ ಒಡೆಯಿತು. ಮೊದಲ ಪ್ರಯಾಣದಲ್ಲಿ ಅರ್ಧಕ್ಕೇ ಬಿಟ್ಟುಹೋದ ಮಾರ್ಕನಿಗೆ ಇನ್ನೊಂದು ಅವಕಾಶ ಕೊಡೋಣ ಎಂದ ಬಾರ್ನಬ. ಬೇಡವೇ ಬೇಡ ಎಂದ ಪೌಲ. ಯಾರೂ ನಂಬದಿದ್ದಾಗ ತನ್ನ ಪರವಾಗಿ ನಿಂತವನಿಗೇ ಪೌಲ ಹೀಗೆ ಹೇಳಿದ್ದು ಓದುವಾಗ ಈಗಲೂ ಕಷ್ಟವಾಗುತ್ತದೆ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹೋದ. ಪೌಲ ಸೀಲನ ಜೊತೆ ನೆಲದ ದಾರಿ ಹಿಡಿದು ಮೊದಲು ಹೋದದ್ದು ಸಿರಿಯ ಮತ್ತು ಕಿಲಿಕ್ಯಕ್ಕೆ. ಅಲ್ಲಿನ ಸಭೆಗಳನ್ನು ದೃಢಪಡಿಸುತ್ತ ಹೋದನೆಂದು ಲೂಕ ಒಂದೇ ಸಾಲಿನಲ್ಲಿ ಹೇಳುತ್ತಾನೆ. ಕಿಲಿಕ್ಯಕ್ಕೆ ಹಿಂದೆ ಯಾವ ಪ್ರೇಷಿತ ಪ್ರಯಾಣವೂ ಹೋದದ್ದಾಗಿ ಅವನ ಪುಸ್ತಕದಲ್ಲಿಲ್ಲ. ಆದರೂ ಅಷ್ಟು ಹೊತ್ತಿಗೆ ಅಲ್ಲಿ ಸಭೆಗಳಿದ್ದವು. ಯೆರೂಸಲೇಮಿನ ಅಪೊಸ್ತಲರು ಇದಕ್ಕೆ ಮುಂಚೆ ಕಳಿಸಿದ ಒಂದು ಪತ್ರದಲ್ಲೇ ಅಂತಿಯೋಕ್ಯ, ಸಿರಿಯ, ಕಿಲಿಕ್ಯದ ಸಹೋದರರಿಗೆ ಎಂದು ಹೆಸರು ಹಿಡಿದು ವಂದನೆ ಬರೆದಿದ್ದರು.